ಲೈಸೆನ್ಸ್ ಪ್ಲಂಬರ್ ಆಗಿ ವಿದೇಶಕ್ಕೆ: ಒಂದು ವರ್ಷದ ಐಟಿಐ ಎಲ್ಲಿ ನಡೀತದೆ, ಎಲ್ಲಿ ನಡೆಯೂದಿಲ್ಲ?

ಕೋಡಿಬಾಗ ಹುಡುಗ

ವಯಸ್ಸು 29, ಎಸ್ಸೆಸ್ಸೆಲ್ಸಿ ಪಾಸು, ಐಟಿಐ ಪ್ಲಂಬರ್ ಒಂದು ವರ್ಷದ ಕೋರ್ಸು, ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಸರ್ಟಿಫಿಕೇಟ್ ಇದೆ. ಏಳು ವರ್ಷದ ಕೆಲಸ: ಅರ್ಧ ಗೋವಾದಲ್ಲಿ ಕಂಟ್ರಾಕ್ಟರ ಕೈಕೆಳಗೆ, ಅರ್ಧ ಕಾರವಾರ-ಅಂಕೋಲಾದಲ್ಲಿ ಸ್ವಂತ. ಒಬ್ಬ ಏಜೆಂಟರು "ಆಸ್ಟ್ರೇಲಿಯಾ, ಪ್ಲಂಬರ್ ಲೈಸೆನ್ಸ್ ಸಮೇತ, ಆರು ತಿಂಗಳು, ನಾಲ್ಕು ಲಕ್ಷ" ಅಂತಾರೆ. ಮೂರು ಪ್ರಶ್ನೆ. ಲೈಸೆನ್ಸ್ ಇಲ್ಲಿ ಕೂತು ಸಿಗ್ತದಾ? ಈ ಓದಿಗೆ ಯಾವ ದೇಶ ಸರಿ? ಇವತ್ತಿನಿಂದ ಎಂತ ತಯಾರಿ ಮಾಡಬೇಕು?

ಬನವಾಸಿ ರಸ್ತೆ

ಮೊದಲ ಪ್ರಶ್ನೆಗೆ ಉತ್ತರ ಸಣ್ಣದು: ಇಲ್ಲ. ಪ್ಲಂಬರ್ ಲೈಸೆನ್ಸನ್ನು ಆಸ್ಟ್ರೇಲಿಯಾ ಅನ್ನುವ ದೇಶ ಕೊಡುವುದಿಲ್ಲ, ಅಲ್ಲಿನ ಒಂದೊಂದು ರಾಜ್ಯ ಕೊಡ್ತದೆ. ಕೆನಡಾದಲ್ಲಿ ಪ್ರಾಂತ್ಯ ಕೊಡ್ತದೆ. ನ್ಯೂಜಿಲೆಂಡಿನಲ್ಲಿ 2006ರ ಕಾಯ್ದೆಯ ಕೆಳಗೆ ಪ್ಲಂಬರ್ಸ್, ಗ್ಯಾಸ್‌ಫಿಟ್ಟರ್ಸ್ ಆ್ಯಂಡ್ ಡ್ರೇನ್‌ಲೇಯರ್ಸ್ ಬೋರ್ಡ್ ಅಂತ ಒಂದೇ ಮಂಡಳಿ ಇದೆ, ಆದರೆ ಅಲ್ಲಿ ನೀರಿನ ಕೆಲಸ, ಗ್ಯಾಸ್ ಕೆಲಸ, ಚರಂಡಿ ಪೈಪು ಹಾಕುವುದು ಮೂರೂ ಬೇರೆ ಬೇರೆ ಪರವಾನಗಿ.

ಇಲ್ಲಿಂದ ಆಗುವುದು ಎರಡು. ಒಂದು, ಕೌಶಲದ ಮೌಲ್ಯಮಾಪನ, ಅಂದರೆ "ಈ ಮನುಷ್ಯನಿಗೆ ಕೆಲಸ ಬರ್ತದೆ" ಅನ್ನುವ ಕಾಗದ. ಎರಡು, ವೀಸಾ. ಲೈಸೆನ್ಸ್ ಮೂರನೆಯ ಮೆಟ್ಟಿಲು, ಅದು ಅಲ್ಲಿ ಇಳಿದ ಮೇಲಿನದು. ಮೂರನ್ನೂ ಒಂದೇ ಕಟ್ಟಿನಲ್ಲಿ ಮಾರುವವನು ಮೂರನೆಯದನ್ನು ಗಾಳಿಯಲ್ಲಿ ಮಾರ್ತಾ ಇದ್ದಾನೆ.

ಶರಾವತಿ ಎಡದಂಡೆ

ಆಸ್ಟ್ರೇಲಿಯಾದ ದಾರಿ ಬಿಡಿಸಿ ಬರೀತೇನೆ, ಹುಡುಗರು ಹೆಚ್ಚು ಎಡವುವುದು ಇಲ್ಲೇ.

ಉದ್ಯೋಗದ ಸಂಕೇತ 334111, ಪ್ಲಂಬರ್ ಜನರಲ್. ಮೌಲ್ಯಮಾಪನ ಮಾಡುವುದು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ, ಚಿಕ್ಕದಾಗಿ ಟಿಆರ್‌ಎ. ಅರ್ಜಿಯನ್ನು ಅವರು ಒಪ್ಪಿದ ತರಬೇತಿ ಸಂಸ್ಥೆಯ ಮೂಲಕ ಹಾಕಬೇಕು. ಮೊದಲು ಕಾಗದಪತ್ರ ನೋಡ್ತಾರೆ, ಆಮೇಲೆ ಕೆಲಸದ ಪರೀಕ್ಷೆ. ಪ್ಲಂಬರ್, ಎಲೆಕ್ಟ್ರಿಷಿಯನ್ ಥರದ ಲೈಸೆನ್ಸ್ ಬೇಕಾದ ಕಸುಬಿನಲ್ಲಿ ಪಾಸಾದವನಿಗೆ ಸಿಗುವ ಕಾಗದದ ಹೆಸರು ಆಫ್‌ಶೋರ್ ಟೆಕ್ನಿಕಲ್ ಸ್ಕಿಲ್ಸ್ ರೆಕಾರ್ಡ್, ಓಟಿಎಸ್‌ಆರ್. ಇದು ಲೈಸೆನ್ಸ್ ಅಲ್ಲ. ಇದನ್ನು ಹಿಡಿದು ಹೋಗಿ ಆ ರಾಜ್ಯದಲ್ಲಿ ತಾತ್ಕಾಲಿಕ ಪರವಾನಗಿ ಪಡೆದು, ಲೈಸೆನ್ಸ್ ಇದ್ದವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡ್ತಾ, ನಮಗೆ ಗೊತ್ತಿಲ್ಲದ ಅಲ್ಲಿನ ನಿಯಮಗಳ ತರಬೇತಿ (ಗ್ಯಾಪ್ ಟ್ರೇನಿಂಗ್) ಮುಗಿಸಬೇಕು. ಆಗ ಸರ್ಟಿಫಿಕೇಟ್ ತ್ರೀ ಇನ್ ಪ್ಲಂಬಿಂಗ್, ಅದರ ಮೇಲೆ ಪೂರ್ಣ ಪರವಾನಗಿಯ ಮಾತು. ಅಲ್ಲಿನ ಹುಡುಗರು ಆ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ನಾಲ್ಕು ವರ್ಷ ಅಪ್ರೆಂಟಿಸ್ ಆಗಿರ್ತಾರೆ. ನಿಮ್ಮ ಒಂದು ವರ್ಷದ ಐಟಿಐಯನ್ನು ಅದರ ಪಕ್ಕ ಇಟ್ಟು ನೋಡಿ. ಉಳಿದ ವರ್ಷಗಳನ್ನು ಕೆಲಸದ ಅನುಭವದಿಂದಲೇ ತುಂಬಿ ತೋರಿಸಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ನೀವು "ಕುಶಲ ಕೆಲಸಗಾರ" ಆದದ್ದು ಯಾವ ದಿನದಿಂದ ಅಂತ ಟಿಆರ್‌ಎ ನಿರ್ಧರಿಸ್ತದೆ. ಆ ದಿನಕ್ಕೆ ಮುಂಚಿನ ಅನುಭವ ತರಬೇತಿಯ ಲೆಕ್ಕಕ್ಕೆ ಹೋಗ್ತದೆ, ವೀಸಾದ ಅಂಕಕ್ಕೆ ಬರುವುದಿಲ್ಲ. ಹಾಗಾಗಿ ಏಳು ವರ್ಷ ಕೆಲಸ ಮಾಡಿದೇನೆ ಅಂದ ಮಾತ್ರಕ್ಕೆ ಏಳು ವರ್ಷದ ಅಂಕ ಬರೂದಿಲ್ಲ.

ಅಂಕದ ಲೆಕ್ಕ: 25ರಿಂದ 32 ವಯಸ್ಸಿಗೆ 30. ಮಾನ್ಯವಾದ ಕಸುಬಿನ ಅರ್ಹತೆಗೆ 10. ವಿದೇಶಿ ಅನುಭವ ಮೂರು ವರ್ಷಕ್ಕೆ 5, ಐದು ವರ್ಷಕ್ಕೆ 10, ಎಂಟಕ್ಕೆ 15. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 6 ಬಂದರೆ ಅರ್ಜಿ ಹಾಕಬಹುದು, ಅಂಕ ಸೊನ್ನೆ. 7 ಬಂದರೆ 10. 8 ಬಂದರೆ 20. 190 ವೀಸಾಕ್ಕೆ ರಾಜ್ಯದ ನಾಮನಿರ್ದೇಶನ 5, ಪಟ್ಟಣದಾಚೆಯ ಪ್ರದೇಶದ 491ಕ್ಕೆ 15. ಕನಿಷ್ಠ ಮಿತಿ 65. ನಿಮ್ಮ ಐದು ವರ್ಷ ಮಾನ್ಯವಾಯಿತು ಅಂತ ಇಟ್ಟುಕೊಂಡರೂ 30+10+10+15, 491ರಲ್ಲಿ ಸರಿಯಾಗಿ 65ಕ್ಕೆ ಬಂದು ನಿಲ್ತದೆ, ಮದುವೆ ಆಗದಿದ್ದರೆ ಮಾತ್ರ ಇನ್ನೊಂದು 10 ಸೇರ್ತದೆ. 65 ಅರ್ಜಿ ಹಾಕುವ ಅರ್ಹತೆ ಮಾತ್ರ, ಆಹ್ವಾನದ ಖಾತ್ರಿ ಅಲ್ಲ. ಇಂಗ್ಲಿಷಿನಲ್ಲಿ 6ರಿಂದ 7ಕ್ಕೆ ಏರಿದರೆ ಸಿಗುವ 10 ಅಂಕ ಇನ್ನು ಯಾವ ಕಡೆಯಿಂದಲೂ ಅಷ್ಟು ಅಗ್ಗಕ್ಕೆ ಸಿಗೂದಿಲ್ಲ.

ಇನ್ನೊಂದು ದಾರಿ ಮಾಲೀಕರು ಸ್ಪಾನ್ಸರ್ ಮಾಡುವ 482 ವೀಸಾ. 2024ರ ಡಿಸೆಂಬರಿನಿಂದ ಅದಕ್ಕೆ ಸ್ಕಿಲ್ಸ್ ಇನ್ ಡಿಮ್ಯಾಂಡ್ ಅಂತ ಹೆಸರು. ಅದರಲ್ಲಿ ಅಂಕದ ಲೆಕ್ಕ ಇಲ್ಲ, ಇಂಗ್ಲಿಷ್ ಮಿತಿಯೂ ಕಡಿಮೆ, ಪ್ರತಿ ವಿಭಾಗದಲ್ಲೂ 5. ಆದರೆ ಮಾಲೀಕ ಸಿಗಬೇಕು, ಲೈಸೆನ್ಸಿನ ಕಥೆ ಅಲ್ಲೂ ತಪ್ಪೂದಿಲ್ಲ.

ಕೋಡಿಬಾಗ ಹುಡುಗ

ಹಾಗಾದ್ರೆ ಆರು ತಿಂಗಳು ಅನ್ನೋದು ಸುಳ್ಳಾ ಅಣ್ಣ?

ಶರಾವತಿ ಎಡದಂಡೆ

ಆರು ತಿಂಗಳಲ್ಲಿ ಇಂಗ್ಲಿಷ್ ಪರೀಕ್ಷೆ ಮುಗಿಸಿ ಕಾಗದ ಹೊಂದಿಸಿದ್ರೂ ಚುರುಕಾಯ್ತು ಅನ್ನಬೇಕು.

ಯಲ್ಲಾಪುರ ಘಟ್ಟ

ಏಜೆಂಟರ ವಿಷಯ ಪ್ರತ್ಯೇಕ ಹೇಳ್ತೆ, ಯಾಕಂದ್ರೆ ಇದರಲ್ಲಿ ಎರಡು ಜಾತಿ ಇದೆ, ಜನ ಕಲಸಿಬಿಡ್ತಾರೆ.

ಕೆಲಸ ಕೊಡಿಸುವವರು ಒಂದು ಜಾತಿ. ಇವರಿಗೆ 1983ರ ವಲಸೆ ಕಾಯ್ದೆಯ ಕೆಳಗೆ ಭಾರತ ಸರ್ಕಾರದ ನೋಂದಣಿ ಬೇಕು. ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ನೋಂದಣಿ ರದ್ದಾದವರ ಹೆಸರೂ ಸಿಗ್ತದೆ. ಇವರು ಕೆಲಸಗಾರರಿಂದ ತಗೊಳ್ಳಬಹುದಾದ ಸೇವಾ ಶುಲ್ಕದ ಮೇಲ್ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೊಡಲೇಬೇಕು. ದೊಡ್ಡ ಏಜೆಂಟರ "ಸಬ್ ಏಜೆಂಟ್" ಅಂತ ಊರಲ್ಲಿ ಕೂತು ದುಡ್ಡು ಎತ್ತುವವರಿಗೆ ಕಾಯ್ದೆಯಲ್ಲಿ ಜಾಗವೇ ಇಲ್ಲ.

ವೀಸಾ ಅರ್ಜಿಗೆ ಸಲಹೆ ಕೊಡುವವರು ಇನ್ನೊಂದು ಜಾತಿ. ಆಸ್ಟ್ರೇಲಿಯಾದ್ದಾದರೆ ಏಳು ಅಂಕಿಯ ಮಾರಾ (ಅಲ್ಲಿನ ವಲಸೆ ಏಜೆಂಟರ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ. ಕೆನಡಾದ್ದಾದರೆ ಆರ್‌ಸಿಐಸಿ (ಪರವಾನಗಿ ಇರುವ ವಲಸೆ ಸಲಹೆಗಾರ) ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗ್ತದೆ. ಎರಡನ್ನೂ ಆಯಾ ಸಂಸ್ಥೆಯ ತಾಣದಲ್ಲಿ ನೀವೇ ಹಾಕಿ ನೋಡಬೇಕು, ಅವರು ಕಳಿಸಿದ ಕೊಂಡಿಯಲ್ಲಿ ಅಲ್ಲ.

ದುಡ್ಡು ಕೇಳುವ ರೀತಿಯಿಂದಲೂ ಗೊತ್ತಾಗ್ತದೆ. ಆಸ್ಟ್ರೇಲಿಯಾದಲ್ಲಿ ಸ್ಪಾನ್ಸರ್‌ಶಿಪ್ ಕೊಡುವುದಕ್ಕೆ ಹಣ ಕೇಳುವುದು, ಕೊಡುವುದು ಎರಡೂ 2015ರಿಂದ ಕಾನೂನುಬಾಹಿರ. ಕೆನಡಾದಲ್ಲಿ ವಿದೇಶಿ ಕೆಲಸಗಾರನನ್ನು ಕರೆಸುವ ಎಲ್‌ಎಂಐಎ ಅನ್ನುವ ಅನುಮತಿಗೆ ಮಾಲೀಕರು ಸರ್ಕಾರಕ್ಕೆ ಕಟ್ಟುವ 1,000 ಡಾಲರನ್ನು ಕೆಲಸಗಾರನಿಂದ ವಸೂಲು ಮಾಡುವ ಹಾಗಿಲ್ಲ. "ಎಲ್‌ಎಂಐಎ ರೆಡಿ ಇದೆ, ಇಷ್ಟು ಲಕ್ಷ" ಅಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡಿ.

ಗಂಗಾವಳಿ

ಕೆನಡಾ ಬಗ್ಗೆ. ಎಲ್ಲ ಪ್ರಾಂತ್ಯದಲ್ಲಿ ಒಂದೇ ನಿಯಮ ಅಲ್ಲ. ಒಂಟಾರಿಯೊ, ಆಲ್ಬರ್ಟಾ, ಕ್ವಿಬೆಕ್ ಮುಂತಾದ ಕಡೆ ಪ್ಲಂಬರ್ ಕಡ್ಡಾಯ ಕಸುಬು, ಅಂದರೆ ನೋಂದಣಿ ಇಲ್ಲದೆ ಪೈಪು ಮುಟ್ಟುವ ಹಾಗಿಲ್ಲ. ಒಂಟಾರಿಯೊದಲ್ಲಿ ಸಂಕೇತ 306ಎ, ಅಪ್ರೆಂಟಿಸ್ ಅವಧಿ 9,000 ಗಂಟೆ, ಸುಮಾರು ಐದು ವರ್ಷ. ಹೊರಗಿನವರು ಅಷ್ಟೇ ಅನುಭವ ಇದೆ ಅಂತ ಟ್ರೇಡ್ ಇಕ್ವಿವಲೆನ್ಸಿಯಲ್ಲಿ ತೋರಿಸಿದರೆ ನೇರ ಪರೀಕ್ಷೆಗೆ ಕೂರಬಹುದು. ತೋರಿಸಲಾಗದಿದ್ದರೆ ಅಪ್ರೆಂಟಿಸ್ ಆಗಿ ಸೇರಬೇಕು. ಅದು ಅವಮಾನ ಅಲ್ಲ, ಸಂಬಳ ಇದೆ.

ಪ್ರಾಂತ್ಯಗಳೆಲ್ಲ ಒಪ್ಪುವ ರೆಡ್ ಸೀಲ್ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳದ್ದು, 100ರಿಂದ 150 ಪ್ರಶ್ನೆ, ನಾಲ್ಕು ತಾಸು, ಪಾಸಿಗೆ 70 ಶೇಕಡ. ಕೈಕೆಲಸ ಚೆನ್ನಾಗಿ ಬಂದವರೂ ಇಲ್ಲಿ ಫೇಲಾಗ್ತಾರೆ, ಯಾಕಂದ್ರೆ ಪ್ರಶ್ನೆ ಕೋಡಿನ ಕೋಷ್ಟಕದ ಮೇಲೆ: ಎಷ್ಟು ಫಿಕ್ಸ್‌ಚರ್ ಯೂನಿಟ್ಟಿಗೆ (ಬೇಸಿನ್, ಕಮೋಡು ಸುರಿಯುವ ನೀರಿನ ಅಳತೆ) ಎಷ್ಟು ಇಂಚಿನ ಡ್ರೇನು, ಟ್ರ್ಯಾಪಿನಿಂದ (ನೀರು ನಿಂತು ವಾಸನೆ ತಡೆಯುವ ಬಾಗು) ವೆಂಟಿಗೆ (ಗಾಳಿ ಪೈಪು) ಎಷ್ಟು ದೂರ, ಹೀಗೆ.

ಕಸುಬಿನವರಿಗೆ ಇರುವ ಫೆಡರಲ್ ಸ್ಕಿಲ್ಡ್ ಟ್ರೇಡ್ಸ್ ವಲಸೆ ಯೋಜನೆಗೆ ಕಳೆದ ಐದು ವರ್ಷದಲ್ಲಿ ಎರಡು ವರ್ಷದ ಅನುಭವ, ಮಾತು-ಕೇಳುವಿಕೆಯಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟ) 5, ಓದು-ಬರಹದಲ್ಲಿ 4. ಜೊತೆಗೆ ಒಂದು ವರ್ಷದ ಕೆಲಸದ ಆಫರ್ ಅಥವಾ ಪ್ರಾಂತ್ಯದ ಅರ್ಹತಾ ಪತ್ರ. ಜನ ಮೊದಲ ಸಾಲು ಓದಿ ಕುಣೀತಾರೆ, ಬಾಗಿಲು ಇರುವುದು ಕೊನೆಯ ಸಾಲಿನಲ್ಲಿ. ಇನ್ನು 2025ರ ಮಾರ್ಚಿನಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಅಂಕ ನೋಡಿ ಆರಿಸುವ ವ್ಯವಸ್ಥೆ) ಆಫರಿಗೆ ಕೊಡ್ತಿದ್ದ ಹೆಚ್ಚುವರಿ ಅಂಕ ತೆಗೆದುಹಾಕಿದ್ದಾರೆ. ಅರ್ಹತೆಗೆ ಆಫರ್ ಬೇಕು, ಅಂಕಕ್ಕೆ ಉಪಯೋಗ ಇಲ್ಲ.

ಕುಮಟಾ ಬಸ್‌ಸ್ಟ್ಯಾಂಡ್

ಜರ್ಮನಿ ಯಾರೂ ಹೇಳ್ಲೇ ಇಲ್ಲ? ಅಲ್ಲಿ ಪ್ಲಂಬರ್ ಬೇಕು ಅಂತ ದಿನಾ ಜಾಹೀರಾತು ಬರ್ತದೆ.

ಗಂಗಾವಳಿ

ಬೇಕು, ಖರೆ. ಆದರೆ ಅಲ್ಲಿನ ಮಾನ್ಯತಾ ಒಪ್ಪಂದಕ್ಕಾಗಲಿ (ಕೆಲಸ ಮಾಡ್ತಾ ಓದಿಗೆ ಮಾನ್ಯತೆ ಪಡೆಯುವ ದಾರಿ), ಅವಕಾಶ ಕಾರ್ಡಿಗಾಗಲಿ (ಹೋಗಿ ಕೆಲಸ ಹುಡುಕುವ ವೀಸಾ), ಊರಿನಲ್ಲಿ ಸರ್ಕಾರ ಮಾನ್ಯ ಮಾಡಿದ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಬೇಕು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಪ್ಲಂಬರ್ ಒಂದೇ ವರ್ಷ. ಒಂದು ವರ್ಷದ ಪ್ಲಂಬರ್ ಸರ್ಟಿಫಿಕೇಟಿನವರಿಗೆ ಬಾಗಿಲು ಇಲ್ಲೇ ಮುಚ್ಚಿಕೊಳ್ತದೆ, ಜಾಹೀರಾತು ಇದನ್ನು ಹೇಳೂದಿಲ್ಲ. ಈಗ ಐಟಿಐ ಸೇರುವ ತಮ್ಮಂದಿರು ಮನೆಯಲ್ಲಿದ್ದರೆ ಇದನ್ನು ಮೊದಲೇ ಹೇಳಿ.

ಮತ್ತೊಂದು, ಅಲ್ಲಿ ಆ ಕಸುಬಿಗೆ ಮೂರೂವರೆ ವರ್ಷದ ತರಬೇತಿ. ನೀರು ಅದರ ಒಂದು ಭಾಗ, ಉಳಿದದ್ದು ಬಾಯ್ಲರು, ಹೀಟ್ ಪಂಪು, ಮನೆ ಬಿಸಿ ಮಾಡುವ ವ್ಯವಸ್ಥೆ. ಹಂಡೆ ಒಲೆಗೆ ಕಟ್ಟಿಗೆ ತುಂಬುವ ಊರಿನವರಿಗೆ ಅದು ಸೊನ್ನೆಯಿಂದ ಕಲಿಯುವ ವಿದ್ಯೆ.

ಬನವಾಸಿ ರಸ್ತೆ

ಕಾಗದಪತ್ರಕ್ಕೆ ಬರ್ತೇನೆ. ನಮ್ಮ ಜಿಲ್ಲೆಯ ಪ್ಲಂಬರುಗಳಿಗೆ ಕೆಲಸ ಬರೂದಿಲ್ಲ ಅಂತ ಯಾರೂ ಹೇಳಲಾರರು. ಕೆಲಸ ಮಾಡಿದ್ದಕ್ಕೆ ಕಾಗದ ಇಲ್ಲ, ಅರ್ಜಿ ಬೀಳುವುದು ಅದಕ್ಕೇ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾಯ್ಕ, ಐಟಿಐಯಲ್ಲಿ ನಾಯಕ, ಆಧಾರಿನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ: ಕಾರವಾರದಿಂದ ಭಟ್ಕಳದವರೆಗೆ ಇದು ಮಾಮೂಲು. ಬೇರೆ ಏನೇ ಮಾಡುವ ಮೊದಲು ಇಂಗ್ಲಿಷ್ ಕಾಗುಣಿತ ಎಲ್ಲದರಲ್ಲೂ ಒಂದೇ ಮಾಡಿಸಿ. ಇಂಗ್ಲಿಷ್ ಪರೀಕ್ಷೆಗೆ ಪಾಸ್‌ಪೋರ್ಟಿನ ಹೆಸರಿನಲ್ಲೇ ನೋಂದಾಯಿಸಬೇಕು, ಸಾವಿರಗಟ್ಟಲೆ ಶುಲ್ಕ ಕಟ್ಟಿದ ಮೇಲೆ ಹೆಸರು ಬದಲಿಸುವ ರಗಳೆ ಬೇಡ.

ಎರಡನೆಯದು ಕಂಟ್ರಾಕ್ಟರರ ಅನುಭವ ಪತ್ರ. "ಇವರು ನಮ್ಮಲ್ಲಿ ಪ್ಲಂಬರ್ ಆಗಿದ್ದರು, ನಡತೆ ಒಳ್ಳೆಯದು" ಅನ್ನುವ ಎರಡು ಸಾಲಿನ ಪತ್ರದಿಂದ ಏನೂ ಆಗೂದಿಲ್ಲ. ಲೆಟರ್‌ಹೆಡ್, ಜಿಎಸ್‌ಟಿ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸಹಿ ಹಾಕಿದವರ ಹುದ್ದೆ ಮತ್ತು ಫೋನು. ಆಮೇಲೆ ಕೆಲಸದ ವಿವರ ನಿಜವಾಗಿ ಮಾಡಿದಷ್ಟೇ: ತಣ್ಣೀರು-ಬಿಸಿನೀರಿನ ಲೈನು, ಯಾವ ಪೈಪು ಯಾವ ಅಳತೆ, ಸಾಯಿಲ್ ಮತ್ತು ವೇಸ್ಟ್ ಸ್ಟ್ಯಾಕ್ (ಮಹಡಿಯಿಂದ ಇಳಿಯುವ ಹೊಲಸು ನೀರಿನ ಪೈಪು), ಚೇಂಬರ್, ಸೆಪ್ಟಿಕ್ ಟ್ಯಾಂಕ್, ಸೋಲಾರ್ ಹೀಟರ್, ಪಂಪು, ಪ್ರೆಶರ್ ಟೆಸ್ಟು, ಸ್ಯಾನಿಟರಿವೇರ್ ಜೋಡಣೆ. ಮಳೆನೀರಿನ ಗಟಾರ, ಡೌನ್ ಪೈಪಿನ ಕೆಲಸ ಬಿಡಬೇಡಿ. ಇಲ್ಲಿ ಅದನ್ನು ಕೆಲಸ ಅಂತಲೇ ಎಣಿಸೂದಿಲ್ಲ, ವಿಕ್ಟೋರಿಯಾದಲ್ಲಿ ಛಾವಣಿಯ ನೀರು ಪ್ಲಂಬಿಂಗಿನ ಒಂದು ಪ್ರತ್ಯೇಕ ಪರವಾನಗಿ ವರ್ಗ.

ಮೂರನೆಯದು ಸಂಬಳದ ಸಾಕ್ಷಿ. ಟಿಆರ್‌ಎಗೆ ಬೇಕಾದದ್ದು ಸಂಬಳ ಪಡೆದ ಕೆಲಸ. ಶನಿವಾರ ಸಂಜೆ ಕೈಗೆ ಕೊಟ್ಟ ನಗದಿಗೆ ಸಾಕ್ಷಿ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್, ಇಎಸ್‌ಐ, ಏನಿದ್ದರೂ ತೆಗೆದಿಡಿ. ಇವತ್ತಿನಿಂದ ಬರುವ ದುಡ್ಡೆಲ್ಲ ಯುಪಿಐ ಅಥವಾ ಚೆಕ್ಕಿನಲ್ಲೇ ತಗೊಳ್ಳಿ.

ಸ್ವಂತ ಕೆಲಸದ ವರ್ಷಗಳಿಗೆ ಉದ್ಯಮ್ ನೋಂದಣಿ, ಆದಾಯ ತೆರಿಗೆ ರಿಟರ್ನ್, ಗಿರಾಕಿಗೆ ಕೊಟ್ಟ ನಂಬರ್ ಇರುವ ಬಿಲ್ಲು, ಹಾರ್ಡ್‌ವೇರ್ ಅಂಗಡಿಯಿಂದ ನಿಮ್ಮ ಹೆಸರಿನಲ್ಲಿ ಸಾಮಾನು ತಂದ ಬಿಲ್ಲು, ಲೆಕ್ಕಪರಿಶೋಧಕರ ಪತ್ರ, ಗಿರಾಕಿಗಳ ಮತ್ತು ಅಂಗಡಿಯವರ ಹೇಳಿಕೆ. ಹಳೆಯ ವರ್ಷದ ರಿಟರ್ನ್ ಈಗ ಒಟ್ಟಿಗೆ ತುಂಬಿ ದಾಖಲೆ ಹುಟ್ಟಿಸೋಣ ಅಂತ ಯಾರಾದರೂ ಹೇಳಿದರೆ ಕಿವಿ ಕೊಡಬೇಡಿ. ಪರಿಶೀಲನೆಗೆ ಕರೆ ಮಾಡ್ತಾರೆ, ಸುಳ್ಳು ದಾಖಲೆ ಸಿಕ್ಕಿದರೆ ವೀಸಾಕ್ಕೇ ನಿಷೇಧ ಬೀಳ್ತದೆ.

ಫೋಟೊ, ವಿಡಿಯೊ ತೆಗೆಯುವಾಗ ಮುಗಿದ ಬಾತ್‌ರೂಮಿನ ಟೈಲ್ಸ್ ಹೊಳಪು ಬೇಡ. ಗೋಡೆ ಮುಚ್ಚುವ ಮುಂಚಿನ ಪೈಪು, ತೋಡಿದ ಕಾಲುವೆಯಲ್ಲಿ ಲೆವೆಲ್ ಇಟ್ಟದ್ದು, ಪ್ರೆಶರ್ ಗೇಜಿನ ಮುಳ್ಳು, ನಿಮ್ಮ ಮುಖ ಮತ್ತು ಕೈ ಒಟ್ಟಿಗೆ ಕಾಣಬೇಕು.

ಯಲ್ಲಾಪುರ ಘಟ್ಟ

ಬನವಾಸಿ ರಸ್ತೆಯ ಭಟ್ರು ಕಾಗದ ಹೇಳಿದ್ರು, ನಾನು ಪೈಪು ಹೇಳ್ತೆ. ಮೌಲ್ಯಮಾಪಕರು ಇಲ್ಲಿನ ಪ್ಲಂಬರನ್ನು ಹಿಡಿಯುವುದು ನಾಲ್ಕು ಕಡೆ: ಒತ್ತಡ, ವೆಂಟು, ಹಿಮ್ಮುಖ ಹರಿವು, ಬಿಸಿನೀರು.

ಒತ್ತಡ. ನಮ್ಮಲ್ಲಿ ತಾರಸಿಯ ಟ್ಯಾಂಕಿನಿಂದ ನಲ್ಲಿಗೆ ಮೂರು-ನಾಲ್ಕು ಮೀಟರ್ ಎತ್ತರ, ಅಂದರೆ 30-40 ಕಿಲೊಪ್ಯಾಸ್ಕಲ್. ಶಿರಸಿ ಕಡೆ 20 ಮೀಟರ್ ಮೇಲಿನ ಅಬ್ಬಿ ನೀರು ನೇರ ಮನೆಗೆ ಬಂದರೂ 200ಕ್ಕೆ ನಿಲ್ತದೆ. ಆಸ್ಟ್ರೇಲಿಯಾದಲ್ಲಿ ಕಟ್ಟಡದೊಳಗಿನ ಮೇಲ್ಮಿತಿ 500 ಕಿಲೊಪ್ಯಾಸ್ಕಲ್; ಐವತ್ತು ಮೀಟರ್ ಎತ್ತರಕ್ಕೆ ಟ್ಯಾಂಕು ಇಟ್ಟ ಹಾಗೆ. ಅದಕ್ಕೂ ಹೆಚ್ಚು ಬಂದರೆ ಒತ್ತಡ ಇಳಿಸುವ ವಾಲ್ವು ಹಾಕಬೇಕು. ಪರೀಕ್ಷೆಗೆ 1,500 ಕಿಲೊಪ್ಯಾಸ್ಕಲ್, ಕನಿಷ್ಠ 30 ನಿಮಿಷ. ಟ್ಯಾಂಕು ತುಂಬಿ "ಸೋರ್ತಾ ಇಲ್ಲ" ಅಂದು ಪ್ಲಾಸ್ಟರ್ ಮಾಡಿಸುವುದು ಅಲ್ಲಿ ಪರೀಕ್ಷೆಯೇ ಅಲ್ಲ. ಕೈಯಿಂದ ಒತ್ತುವ ಟೆಸ್ಟ್ ಪಂಪು ಇಲ್ಲಿ ಸಿಗ್ತದೆ. ಹಾಕುವಾಗ ಎಲ್ಲಕ್ಕಿಂತ ಮೇಲಿನ ನಲ್ಲಿ ಬಿಟ್ಟು ಗಾಳಿ ಪೂರ್ತಿ ಹೊರಗೆ ಹಾಕಬೇಕು. ಗಾಳಿ ಉಳಿದರೆ ಮುಳ್ಳು ನಿಧಾನ ಇಳೀತದೆ, ಇಲ್ಲದ ಸೋರಿಕೆ ಹುಡುಕುತ್ತಾ ಕೂರಬೇಕಾಗ್ತದೆ. ಬಿಸಿಲಿಗೆ ಬಿದ್ದ ಪೈಪಿನಲ್ಲಿ ಮುಳ್ಳು ಏರುವುದೂ ಇದೆ.

ವೆಂಟು. ನಮ್ಮಲ್ಲಿ ಖರ್ಚು ಉಳಿಸಲಿಕ್ಕೆ ಮೊದಲು ಕತ್ತರಿಸುವುದು ಇದನ್ನೇ. ಮೇಲಿನ ಮಹಡಿಯ ಫ್ಲಶ್ ಸ್ಟ್ಯಾಕಿನಲ್ಲಿ ಇಳಿಯುವಾಗ ಹಿಂದೆ ಗಾಳಿ ಎಳೀತದೆ. ಗಾಳಿಗೆ ಬೇರೆ ದಾರಿ ಇಲ್ಲದಿದ್ದರೆ ಕೆಳಗಿನ ಬೇಸಿನ್, ನಹಾನಿ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗ್ತದೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ 50 ಮಿಲಿಮೀಟರ್ ನೀರಿನ ಸೀಲು ಕೇಳ್ತದೆ, ಸೀಲು ಉಳಿಸುವುದು ವೆಂಟು. ಬಾತ್‌ರೂಮ್ ವಾಸನೆಗೆ ಫಿನಾಯಿಲ್ ಸುರಿಯುವವರಿಗೆ ಇದನ್ನು ವಿವರಿಸಿ ಸಾಕಾಗಿದೆ.

ಹಿಮ್ಮುಖ ಹರಿವು. ಬಕೆಟ್ಟಿನಲ್ಲಿ ಮುಳುಗಿದ ಪೈಪು, ಲೈನಿನಲ್ಲಿ ಒತ್ತಡ ಬಿತ್ತು, ಬಕೆಟ್ ನೀರು ಹಿಂದೆ ಹೋಯ್ತು. ಅಲ್ಲಿ ಅಪಾಯದ ಮಟ್ಟ ನೋಡಿ ಸಾಧನ ಆರಿಸ್ತಾರೆ: ಮಧ್ಯಮ ಅಪಾಯಕ್ಕೆ ಡಬಲ್ ಚೆಕ್ ವಾಲ್ವು, ಹೆಚ್ಚಿನ ಅಪಾಯಕ್ಕೆ ರೆಡ್ಯೂಸ್ಡ್ ಪ್ರೆಶರ್ ಝೋನ್ ಸಾಧನ. ಸಾದಾ ಎನ್‌ಆರ್‌ವಿ (ಒಂದೇ ದಿಕ್ಕಿಗೆ ನೀರು ಬಿಡುವ ವಾಲ್ವು) ಹಾಕ್ತೇನೆ ಅಂದರೆ ಆ ಪ್ರಶ್ನೆ ಹೋಯ್ತು.

ಬಿಸಿನೀರು. ಶೇಖರಿಸಿಡುವ ನೀರು ಕನಿಷ್ಠ 60 ಡಿಗ್ರಿ ಇರಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೀತದೆ. ಸ್ನಾನದ ನಲ್ಲಿಗೆ ಬರುವಾಗ 50 ಮೀರಬಾರದು. ಶಾಲೆ, ವೃದ್ಧಾಶ್ರಮದಲ್ಲಿ 45. ನಡುವೆ ತಣ್ಣೀರು ಬೆರೆಸುವ ಟೆಂಪರಿಂಗ್ ವಾಲ್ವು ಅಥವಾ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವು. ನಮ್ಮ ಸೋಲಾರಿನಲ್ಲಿ ಈ ಭಾಗವೇ ಇಲ್ಲ, ನೇರ ಶವರಿಗೆ.

ಇದೆಲ್ಲದರ ಮೂಲ ಎಎಸ್/ಎನ್‌ಜೆಡ್‌ಎಸ್ 3500 ಅನ್ನುವ ಆಸ್ಟ್ರೇಲಿಯಾ-ನ್ಯೂಜಿಲೆಂಡಿನ ಮಾನದಂಡ. ಒಂದನೆಯ ಭಾಗ ನೀರು, ಎರಡು ಸ್ಯಾನಿಟರಿ ಮತ್ತು ಡ್ರೇನು, ಮೂರು ಮಳೆನೀರು, ನಾಲ್ಕು ಬಿಸಿನೀರು. ಸಾಮಾನಿನ ಮೇಲೆ ವಾಟರ್‌ಮಾರ್ಕ್ ಗುರುತು ಇಲ್ಲದಿದ್ದರೆ ಹಾಕುವ ಹಾಗಿಲ್ಲ. ಹಿತ್ತಾಳೆ ಫಿಟ್ಟಿಂಗು ಸತು ಕರಗಿ ಪೊಳ್ಳಾಗದ ಜಾತಿಯದ್ದೇ ಆಗಬೇಕು.

ಕುಮಟಾ ಬಸ್‌ಸ್ಟ್ಯಾಂಡ್

ಡ್ರೇನಿನ ಇಳಿಜಾರು? ನಮ್ಮಲ್ಲಿ ಎಷ್ಟು ಜಾಸ್ತಿ ಕೊಟ್ಟರೂ ಒಳ್ಳೇದೇ ಅಲ್ದಾ. ನೀರು ಸರ್ರ್ ಅಂತ ಹೋಗ್ತದೆ.

ಯಲ್ಲಾಪುರ ಘಟ್ಟ

ಅಲ್ಲ ಮಾರಾಯ್ರೆ. ನೀರು ಸರ್ರ್ ಅಂತ ಹೋಗ್ತದೆ, ಮಲ ಅಲ್ಲೇ ಕೂತಿರ್ತದೆ. ನೀರಿನ ಆಳ ಕಡಿಮೆಯಾದರೆ ಗಟ್ಟಿ ವಸ್ತು ತೇಲೂದಿಲ್ಲ, ಪೈಪಿಗೆ ಅಂಟಿ ಒಣಗ್ತದೆ. 100 ಎಂಎಂ ಡ್ರೇನಿಗೆ ಆಸ್ಟ್ರೇಲಿಯಾದ ಕನಿಷ್ಠ 1.65 ಶೇಕಡ, ಅಂದರೆ 60ಕ್ಕೆ 1. ಹನ್ನೆರಡು ಮೀಟರ್ ಲೈನಿಗೆ 200 ಮಿಲಿಮೀಟರ್ ಇಳಿತ. 65 ಎಂಎಂಗೆ 40ಕ್ಕೆ 1, ಅದೇ ಹನ್ನೆರಡು ಮೀಟರಿಗೆ 300.

ಗಂಗಾವಳಿ

ಕೆನಡಾದ ರಾಷ್ಟ್ರೀಯ ಕೋಡಿನಲ್ಲಿ ಮೂರು ಇಂಚಿನವರೆಗೆ 50ಕ್ಕೆ 1, ನಾಲ್ಕಕ್ಕೆ 100ಕ್ಕೆ 1. ಎರಡು ದೇಶದ ಪುಸ್ತಕ ಒಟ್ಟಿಗೆ ಓದಬೇಡಿ, ಪರೀಕ್ಷೆಯಲ್ಲಿ ಸಂಖ್ಯೆ ಅದಲುಬದಲಾಗ್ತದೆ. ನೆಲ ಹೆಪ್ಪುಗಟ್ಟುವ ಆಳದ ಕೆಳಗೆ ನೀರಿನ ಪೈಪು ಹೋಗಬೇಕು, ನಮ್ಮ ಒಂದೂವರೆ ಅಡಿ ಕಾಲುವೆಗೆ ಅಲ್ಲಿ ಅರ್ಥವಿಲ್ಲ. ಹೊರಗೋಡೆಯಲ್ಲಿ ಪೈಪು ಹಾಯಿಸಿದರೆ ಮೊದಲ ಚಳಿಗೇ ಒಡೀತದೆ.

ಕುಮಟಾ ಬಸ್‌ಸ್ಟ್ಯಾಂಡ್

ಗಲ್ಲಿ ಟ್ರ್ಯಾಪ್, ಅದೇ ಮನೆ ಹೊರಗಿನ ಚರಂಡಿ ಟ್ರ್ಯಾಪು, ಅಲ್ಲೂ ಇದೆಯಾ?

ಯಲ್ಲಾಪುರ ಘಟ್ಟ

ಇದೆ, ಕೆಲಸ ಬೇರೆ. ಓವರ್‌ಫ್ಲೋ ರಿಲೀಫ್ ಗಲ್ಲಿ ಅಂತಾರೆ. ಮುಖ್ಯ ಲೈನು ಕಟ್ಟಿದಾಗ ಹೊಲಸು ಮನೆಯೊಳಗೆ ಏಳುವ ಬದಲು ಅಂಗಳದಲ್ಲಿ ಉಕ್ಕಬೇಕು. ಅದಕ್ಕೆ ಅದರ ಬಾಯಿ ಒಳಗಿನ ಎಲ್ಲಕ್ಕಿಂತ ಕೆಳಗಿನ ಫಿಕ್ಸ್‌ಚರಿಗಿಂತ 150 ಎಂಎಂ ಕೆಳಗೆ, ಸುತ್ತಲಿನ ನೆಲಕ್ಕಿಂತ 75 ಎಂಎಂ ಮೇಲೆ. ಮೇಲಿನ ಜಾಳಿಗೆ ಸಿಮೆಂಟ್ ಮೆತ್ತಿ ಬಿಗಿ ಮಾಡಬಾರದು, ಅದು ತಾನಾಗಿ ಏಳಬೇಕು. ಸೆಪ್ಟಿಕ್ ಟ್ಯಾಂಕಿನ ಊರಿನಿಂದ ಬಂದವರು ಈ ಪ್ರಶ್ನೆಗೆ ತಡಬಡಾಯಿಸ್ತಾರೆ.

ಭಟ್ಕಳ ಟು ಜುಬೈಲ್

ಎಲ್ಲರೂ ಗಲ್ಫನ್ನು ಮರೆತೇ ಬಿಟ್ರಲ್ಲ. ಅಲ್ಲಿ ಲೈಸೆನ್ಸ್ ಸಾಮಾನ್ಯವಾಗಿ ಕಂಪನಿಗೆ, ಪ್ಲಂಬರಿಗೆ ಅಲ್ಲ. ಸೌದಿಗೆ ಮಾತ್ರ ಕೌಶಲ ಪರಿಶೀಲನಾ ಪರೀಕ್ಷೆ ಇದೆ, ಭಾರತದಲ್ಲೇ ಬರೆಯಬೇಕು: ಕಂಪ್ಯೂಟರಿನಲ್ಲಿ ಥಿಯರಿ, ಆಮೇಲೆ ಕೈಕೆಲಸ. ಮೊದಲ ಸುತ್ತಿನ ಐದು ಕಸುಬಿನಲ್ಲೇ ಪ್ಲಂಬರ್ ಇತ್ತು.

ಎಸ್ಸೆಸ್ಸೆಲ್ಸಿ ಪಾಸಾದವರ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ ಇರುವುದಿಲ್ಲ. ಫೇಲಾದವರದ್ದು ಇಸಿಆರ್, ಅವರು 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಕಡ್ಡಾಯ: 10 ಲಕ್ಷದ ವಿಮೆ, ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ವಿಸಿಟ್ ವೀಸಾದಲ್ಲಿ ಹೋಗಿ "ಅಲ್ಲಿ ಬದಲಾಯಿಸ್ತೇವೆ" ಅನ್ನುವ ಮಾತಿಗೆ ಹೋಗಬೇಡಿ. ಒಪ್ಪಂದವೂ ಇಲ್ಲ, ವಿಮೆಯೂ ಇಲ್ಲ, ದೂರು ಕೊಟ್ಟರೆ ಮೊದಲು ಸಿಕ್ಕಿಬೀಳುವುದು ನೀವೇ.

ಭಟ್ರು ಹೇಳಿದ ಕಾಗದದ ಕಷ್ಟಕ್ಕೆ ಗಲ್ಫ್ ಒಂದು ಉತ್ತರ. ಯುಎಇ, ಸೌದಿಯಲ್ಲಿ ವೇತನ ರಕ್ಷಣಾ ವ್ಯವಸ್ಥೆ ಇರುವುದರಿಂದ ಸಂಬಳ ಬ್ಯಾಂಕಿನ ಮೂಲಕವೇ ಬರ್ತದೆ. ಮೂರು ವರ್ಷದ ಒಪ್ಪಂದ, ಸ್ಟೇಟ್‌ಮೆಂಟು, ಕಂಪನಿ ಪತ್ರ ಕೈಯಲ್ಲಿದ್ದರೆ ಅದೇ ಟಿಆರ್‌ಎಗೆ ಗಟ್ಟಿ ಸಾಕ್ಷಿ.

ಶರಾವತಿ ಎಡದಂಡೆ

ಭಟ್ಕಳದ ಸಾಯ್ಬ್ರು ಹೇಳಿದ್ದು ಹೌದು, ಅರ್ಧ. ದೊಡ್ಡ ಸೈಟಿನಲ್ಲಿ ಒಬ್ಬನಿಗೆ ಒಂದೇ ಕೆಲಸ. ಮೂರು ವರ್ಷ ಪಿಪಿಆರ್ ಪ್ಲಾಸ್ಟಿಕ್ ಪೈಪಿನ ವೆಲ್ಡಿಂಗ್ ಮಾತ್ರ ಮಾಡಿದವನಿಗೆ ಡ್ರೇನು, ವೆಂಟು, ಬಿಸಿನೀರು ಏನೂ ಮಾಡಿದ ದಾಖಲೆ ಇರೂದಿಲ್ಲ. ಮೌಲ್ಯಮಾಪಕರು ವರ್ಷ ನೋಡುವಷ್ಟೇ ವೈವಿಧ್ಯವನ್ನೂ ನೋಡ್ತಾರೆ. ಹೋಟೆಲ್ಲು, ಆಸ್ಪತ್ರೆಯ ನಿರ್ವಹಣಾ ವಿಭಾಗ ಸಿಕ್ಕಿದರೆ ಸೈಟಿಗಿಂತ ಅದು ಮೇಲು, ಸಂಬಳ ಸ್ವಲ್ಪ ಕಡಿಮೆಯಾದರೂ.

ಭಟ್ಕಳ ಟು ಜುಬೈಲ್

ಅದಕ್ಕೆ ನನ್ನ ತಕರಾರಿಲ್ಲ.

ಕೋಡಿಬಾಗ ಹುಡುಗ

ಎಲ್ಲರಿಗೂ ಧನ್ಯವಾದ. ಎರಡು ಕೇಳೂದಿತ್ತು. ಕಟ್ಟಡ ಕಾರ್ಮಿಕರ ಕಾರ್ಡು ಸಾಕ್ಷಿಗೆ ನಡೀತದಾ? ತಾಮ್ರದ ಪೈಪಿನ ಕೆಲಸ ಇಲ್ಲಿ ಯಾರೂ ಮಾಡಿಸೂದಿಲ್ಲ, ಎಲ್ಲಿ ಕಲಿಯೂದು?

ಬನವಾಸಿ ರಸ್ತೆ

ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಕೊಟ್ಟಿರ್ತೀರಿ. ಅದರಲ್ಲಿ ಪ್ಲಂಬರ್ ಅಂತಲೇ ಬರೆದಿದ್ದರೆ ಜೊತೆಗಿಡಿ, ಆಧಾರಕ್ಕೆ ಆಗ್ತದೆ. ಅದೊಂದರಿಂದಲೇ ಸಂಬಳ ಸಾಬೀತಾಗೂದಿಲ್ಲ. ನಗರಸಭೆಯಿಂದ ನಲ್ಲಿ ಜೋಡಣೆಗೆ ಪ್ಲಂಬರ್ ಪರವಾನಗಿ ಪಡೆದಿದ್ದರೆ ಅದನ್ನೂ ಸೇರಿಸಿ. ಕನ್ನಡದಲ್ಲಿರುವುದಕ್ಕೆಲ್ಲ ಪ್ರಮಾಣಿತ ಇಂಗ್ಲಿಷ್ ಅನುವಾದ ಬೇಕು.

ಯಲ್ಲಾಪುರ ಘಟ್ಟ

ತಾಮ್ರಕ್ಕೆ ಏಸಿ-ಫ್ರಿಜ್ ರಿಪೇರಿಯವರ ಹತ್ತಿರ ಹೋಗಿ, ಊರಲ್ಲಿ ಬ್ರೇಜಿಂಗ್ ಬರುವುದು ಅವರಿಗೇ. ಪೈಪನ್ನು ಗರಗಸದಲ್ಲಿ ಕೊಯ್ಯಬೇಡಿ, ಟ್ಯೂಬ್ ಕಟರ್ ತಿರುಗಿಸಿ ಕತ್ತರಿಸಿ, ಒಳಗಿನ ಅಂಚು ರೀಮರಿನಲ್ಲಿ ಕೆರೆದು ತೆಗೆಯಿರಿ. ಪೈಪಿನ ಹೊರಮೈ, ಫಿಟ್ಟಿಂಗಿನ ಒಳಮೈ ಹೊಳೆಯುವ ತನಕ ಉಜ್ಜಿ. ಪೈಪು, ಫಿಟ್ಟಿಂಗು ಕಾಸಿ, ರಾಡು ಬೆಂಕಿಗೆ ಹಿಡೀಬೇಡಿ. ಕಾದ ಲೋಹ ಮುಟ್ಟಿದಾಗ ರಾಡು ತಾನಾಗಿ ಕರಗಿ ಸಂದಿಗೆ ಎಳೆದುಕೊಳ್ಬೇಕು. ಪೈಪಿನೊಳಗೆ ಒಂದು ಹನಿ ನೀರಿದ್ದರೂ ಕಾವು ಏರೂದಿಲ್ಲ, ಜೋಡಣೆ ಅರ್ಧಕ್ಕೇ ನಿಲ್ತದೆ. ಕೆನಡಾದಲ್ಲಿ ಕುಡಿಯುವ ನೀರಿಗೆ ಸೀಸವಿಲ್ಲದ ಮೆದು ಸಾಲ್ಡರ್ ನಡೀತದೆ, ಆಸ್ಟ್ರೇಲಿಯಾದಲ್ಲಿ ಕನಿಷ್ಠ 1.8 ಶೇಕಡ ಬೆಳ್ಳಿಯ ಬ್ರೇಜಿಂಗ್. ಅಂಗಡಿಯಲ್ಲಿ 2 ಶೇಕಡದ ರಾಡು ಕೇಳಿ. ತಾಮ್ರಕ್ಕೆ ತಾಮ್ರವಾದರೆ ಅದಕ್ಕೆ ಫ್ಲಕ್ಸ್ ಬೇಡ, ಹಿತ್ತಾಳೆಗೆ ಕೂಡಿಸುವಾಗ ಬೇಕು. ಆದ ಮೇಲೆ ಜೋಡಣೆಯನ್ನು ಉದ್ದಕ್ಕೆ ಸೀಳಿ ನೋಡಿ. ಸುತ್ತಲೂ ತುಂಬಿದೆಯೋ ಬರೀ ಬಾಯಿಗೆ ಮೆತ್ತಿದೆಯೋ ಆಗ ಗೊತ್ತಾಗ್ತದೆ.